ಪೆಟ್ಟಿಗೆಯಲ್ಲಿ ಹಾಡೂ ಇದೆಯಂತೆ

ದಕ್ಷಿಣ ಕೊರಿಯಾದ ‘ಸ್ಟ್ರೇ ಕಿಡ್ಸ್’ ಎಂಬ ಎಂಟು ಯುವಕರ ತಂಡವು 2025ರ ಆಗಸ್ಟ್ 22ರಂದು ‘ಕರ್ಮ’ ಎಂಬ ಆಲ್ಬಮ್ಮನ್ನು ಬಿಡುಗಡೆ ಮಾಡಿತು. ಹೆಸರಿನ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ. ಹೇಳಬೇಕಾದುದನ್ನು ಕನ್ನಡದ ಓದುಗರು ಈಗಾಗಲೇ ಮನಸ್ಸಿನಲ್ಲಿ ಹೇಳಿಕೊಂಡಿರುತ್ತಾರೆ. ಆ ತಂಡದ ಅಭಿಮಾನಿಯೂ ಅಲ್ಲದ, ವಿರೋಧಿಯೂ ಅಲ್ಲದ ನಾನು ಅದರ ಹಾಡುಗಳನ್ನು ಸುಮ್ಮನೆ ಕೇಳಿದೆ. ಆಲ್ಬಮ್ ಎಂದರೆ ಕೇಳುವ ವಸ್ತು ಎಂಬ ಹಿಂದಿನ ತಲೆಮಾರಿನ ಮೂಢನಂಬಿಕೆ ನನ್ನಲ್ಲಿನ್ನೂ ಉಳಿದುಕೊಂಡಿರುವುದೇ ಇದಕ್ಕೆ ಕಾರಣ.

ಕೇಳಿದ್ದೇ ಆದಮೇಲೆ ಅಭಿಪ್ರಾಯವನ್ನೂ ದಾಖಲಿಸಿಬಿಡುತ್ತೇನೆ. ‘ಸೆರಿಮನಿ’ ಎಂಬ ಮುಖ್ಯ ಗೀತೆ ಮೂರು ನಿಮಿಷವನ್ನೂ ಮುಟ್ಟುವುದಿಲ್ಲ. ಆದರೆ ಅಷ್ಟರೊಳಗೆ ಕ್ರೀಡಾಂಗಣದ ಗದ್ದಲ, ಎದೆಗೆ ಗುದ್ದುವ ಬೇಸ್, ಉಸಿರು ತೆಗೆದುಕೊಳ್ಳಲು ಬಿಡುವಿಲ್ಲದ ರ್‍ಯಾಪ್ ಎಲ್ಲವೂ ಬಂದುಹೋಗುತ್ತವೆ. ನಡುವೆ ಫೆಲಿಕ್ಸ್ ಎಂಬ ನಾಜೂಕು ಮುಖದ ಯುವಕ ಬಾಯಿ ತೆರೆದರೆ ಬಾವಿಯ ತಳದಿಂದ ಎದ್ದು ಬಂದಂಥ ದನಿ ಹೊರಡುತ್ತದೆ. ತಂಡದ ಬಾಂಗ್ ಚಾನ್, ಚಾಂಗ್‌ಬಿನ್ ಮತ್ತು ಹಾನ್ ತಮ್ಮ ಹಾಡುಗಳ ರಚನೆಯಲ್ಲಿ ತಾವೇ ತೊಡಗಿಕೊಳ್ಳುವವರು, ಆ ಶ್ರಮ ಕಿವಿಗೆ ತಿಳಿಯುತ್ತದೆ. ಆಲ್ಬಮ್ಮಿನಲ್ಲಿ ಹನ್ನೊಂದು ಹಾಡುಗಳಿವೆ. ಆದರೆ ಅವುಗಳಲ್ಲಿ ಒಂದು ‘ಸೆರಿಮನಿ’, ಇನ್ನೊಂದು ಉತ್ಸವಕ್ಕೆಂದು ಮಾಡಿದ ‘ಸೆರಿಮನಿ’, ಮತ್ತೊಂದು ಇಂಗ್ಲಿಷಿನ ‘ಸೆರಿಮನಿ’. ಒಟ್ಟಿನಲ್ಲಿ ಹಾಡು ಚೆನ್ನಾಗಿದೆ. ಚೆನ್ನಾಗಿರುವ ಅಗತ್ಯವೇನೂ ಇರಲಿಲ್ಲ ಎಂಬುದು ನನಗೆ ಅನಂತರ ತಿಳಿಯಿತು.

ಬಿಡುಗಡೆಯಾದ ಮೊದಲ ವಾರವೇ ಈ ಆಲ್ಬಮ್ ಅಮೆರಿಕದಲ್ಲಿ ಆಲ್ಬಮ್‌ಗಳಿಗೆ ವಾರವಾರವೂ ಸ್ಥಾನ ನಿಗದಿಮಾಡುವ ಬಿಲ್‌ಬೋರ್ಡ್ 200 ಪಟ್ಟಿಯ ನೆತ್ತಿಯ ಮೇಲೆ ಕುಳಿತಿತು. ಆ ಪಟ್ಟಿಗೆ ಪ್ರವೇಶಿಸಿದ ತನ್ನ ಮೊದಲ ಏಳು ಆಲ್ಬಮ್‌ಗಳೂ ನೇರವಾಗಿ ಮೊದಲ ಸ್ಥಾನಕ್ಕೇ ಬಂದಿಳಿದ ದಾಖಲೆ ಜಗತ್ತಿನ ಬೇರಾವ ಕಲಾವಿದರಿಗೂ ಅಲ್ಲಿಯವರೆಗೆ ಇರಲಿಲ್ಲ. ಆ ವಾರದ ಲೆಕ್ಕ 3 ಲಕ್ಷ 13 ಸಾವಿರ ಯೂನಿಟ್. ಅದರಲ್ಲಿ 2 ಲಕ್ಷ 96 ಸಾವಿರ ಆಲ್ಬಮ್ಮಿನ ನೇರ ಮಾರಾಟದಿಂದ ಬಂದದ್ದು, ಮಿಕ್ಕ ಸಣ್ಣ ಪಾಲಷ್ಟೇ ಜನ ಆನ್‌ಲೈನಿನಲ್ಲಿ ಕೇಳಿದ್ದರ ಲೆಕ್ಕ. ನನ್ನಂಥ ಕೇಳುಗರ ಕೊಡುಗೆ ಆ ಎರಡನೆಯ ಪಾಲಿನ ಎಲ್ಲೋ ಒಂದು ಮೂಲೆಯಲ್ಲಿ, ದಶಮಾಂಶ ಬಿಂದುವಿನ ಬಲಗಡೆ, ನಾಚಿಕೊಂಡು ನಿಂತಿರಬೇಕು.

ಕೊಂಡವರು ಕೇಳುತ್ತಾರೆಯೇ ಎಂಬ ಅಧಿಕಪ್ರಸಂಗದ ಪ್ರಶ್ನೆಯನ್ನು ಕೊರಿಯಾದ ಸರ್ಕಾರಿ ಗ್ರಾಹಕ ಸಂಸ್ಥೆಯೇ ಕೇಳಿ, 2023ರಲ್ಲಿ ಉತ್ತರವನ್ನು ಪ್ರಕಟಿಸಿತು. ಕೆ-ಪಾಪ್‌ಗೆಂದು, ಅಂದರೆ ಕೊರಿಯಾದ ಪಾಪ್ ಸಂಗೀತಕ್ಕೆಂದು, ಹಣ ಖರ್ಚು ಮಾಡುವ ಅಭಿಮಾನಿಗಳ ಆ ಸಮೀಕ್ಷೆಯಲ್ಲಿ ಶೇ 52.7ರಷ್ಟು ಜನ ತಾವು ಆಲ್ಬಮ್ ಕೊಳ್ಳುವುದು ಪೆಟ್ಟಿಗೆಯಲ್ಲಿ ಸಿಡಿಯ ಜೊತೆ ಬರುವ ಕಾರ್ಡು ಮುಂತಾದ ಸಂಗ್ರಹಯೋಗ್ಯ ವಸ್ತುಗಳಿಗಾಗಿ ಎಂದರು. ಕೊಂಡವರಲ್ಲಿ ಸಿಡಿ ಹಾಕಿ ಸಂಗೀತ ಕೇಳುವವರು ಶೇ 5.7 ಮಾತ್ರ. ಒಂದೇ ಆಲ್ಬಮ್ಮಿನ 90 ಪ್ರತಿಗಳನ್ನು ಕೊಂಡ ಮಹಾನುಭಾವರೂ ಆ ಸಮೀಕ್ಷೆಯಲ್ಲಿ ಸಿಕ್ಕಿದ್ದರು. ಉಳಿದ 89 ಪ್ರತಿಗಳಲ್ಲೂ ಅದೇ ಹಾಡಿರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲವೆಂದು ತಿಳಿಯಬಾರದು. ಹಾಡಿನ ವಿಷಯವನ್ನು ಅಲ್ಲಿ ಯಾರೂ ಎತ್ತುವುದಿಲ್ಲ, ಅಷ್ಟೇ.

ಎತ್ತುವುದು ಫೋಟೊಕಾರ್ಡಿನ ವಿಷಯವನ್ನು. 2010ರಲ್ಲಿ ‘ಗರ್ಲ್ಸ್ ಜನರೇಷನ್’ ತಂಡದ ಆಲ್ಬಮ್ಮಿನೊಳಗೆ ಸದಸ್ಯೆಯರ ಪೈಕಿ ಯಾರಾದರೊಬ್ಬರ ಚಿಕ್ಕ ಭಾವಚಿತ್ರವನ್ನು ಇಡುವ ಪದ್ಧತಿ ಶುರುವಾಯಿತು. ಯಾರದು ಸಿಗುತ್ತದೆಂಬುದು ಪೆಟ್ಟಿಗೆ ಒಡೆದ ಮೇಲೆಯೇ ಗೊತ್ತಾಗುತ್ತಿತ್ತು. ಅಂದಿನಿಂದ ಉದ್ಯಮದ ಭವಿಷ್ಯ ಸಂಗೀತ ನಿರ್ದೇಶಕರ ಕೈಯಿಂದ ಸಂಭವನೀಯತಾ ಶಾಸ್ತ್ರದ ಕೈಗೆ ವರ್ಗವಾಯಿತು. ಪೆಟ್ಟಿಗೆಗೆ ಒಂದೇ ಕಾರ್ಡು, ‘ಸ್ಟ್ರೇ ಕಿಡ್ಸ್’ ತಂಡದ ಎಂಟು ಮುಖಗಳಿಗೂ ಸಮಾನ ಅವಕಾಶ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಎಂಟೂ ಮಂದಿ ಕೈಸೇರಲು ಸರಾಸರಿ 22 ಪೆಟ್ಟಿಗೆ ಕೊಳ್ಳಬೇಕಾಗುತ್ತದೆ. ‘ಸೆವೆಂಟೀನ್’ ತಂಡದಲ್ಲಿ ಹದಿಮೂರು ಸದಸ್ಯರಿರುವುದರಿಂದ ಅಲ್ಲಿ ಆ ಸರಾಸರಿ 41ಕ್ಕೆ ಏರುತ್ತದೆ. ಆ ತಂಡದ 2023ರ ಆಲ್ಬಮ್ಮೊಂದರ ಮಾರಾಟ ಮೊದಲ ವಾರದಲ್ಲೇ 45 ಲಕ್ಷ ಪ್ರತಿ ದಾಟಿದಾಗ ವಿಮರ್ಶಕರು ಅದರ ಸಂಗೀತದ ಗುಣಗಳನ್ನು ಕುರಿತು ಬರೆದರು; ಗಣಿತದ ಮೇಷ್ಟ್ರೊಬ್ಬರನ್ನು ಕರೆಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಗಾಯನ ತಂಡಗಳು ಇಷ್ಟೊಂದು ದೊಡ್ಡದಾಗಿರುವುದು ಸ್ವರಮೇಳಕ್ಕಾಗಿ ಎಂದು ನಾನು ಬಹುಕಾಲ ನಂಬಿದ್ದೆ.

ಕಾರ್ಡು ಸಿಕ್ಕಿದ ಮೇಲೆ ಅದಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ತೊಡಿಸಿ, ಅಂಟುಚಿತ್ರಗಳಿಂದ ಸಿಂಗರಿಸಿ, ಹೋಟೆಲಿಗೆ ಕರೆದೊಯ್ದು, ತಟ್ಟೆಯ ಪಕ್ಕದಲ್ಲಿ ಹಿಡಿದು ಫೋಟೊ ತೆಗೆದ ಮೇಲೆಯೇ ಊಟಕ್ಕೆ ಕೈಹಾಕುವುದು ಶಿಷ್ಟಾಚಾರ. ನಾವು ಇದಕ್ಕೆ ನಗುವ ಅರ್ಹತೆ ಉಳ್ಳವರಲ್ಲ. ಬೆಳಗಿನ ಜಾವ ಚಿತ್ರಮಂದಿರದ ಮುಂದೆ ನಾಯಕನ ಕಟೌಟಿಗೆ ಕೊಡಗಟ್ಟಲೆ ಹಾಲು ಸುರಿಯುವ ನಾಡು ನಮ್ಮದು. ಒಂದೇ ವ್ಯತ್ಯಾಸವೆಂದರೆ, ಹಾಲು ಸುರಿದ ನಮ್ಮ ಅಭಿಮಾನಿ ಒಳಗೆ ಹೋಗಿ ಸಿನಿಮಾವನ್ನೂ ನೋಡುತ್ತಾನೆ.

ಕಾರ್ಡಿನಿಂದ ತೃಪ್ತರಾಗದವರಿಗೆ ಹಸ್ತಾಕ್ಷರ ಸಮಾರಂಭವಿದೆ. ಕೊಂಡ ಪ್ರತಿಯೊಂದು ಆಲ್ಬಮ್ಮಿಗೂ ಲಾಟರಿಯಲ್ಲೊಂದು ಚೀಟಿ. ಹೆಚ್ಚು ಕೊಂಡವರಿಗೆ ಹೆಚ್ಚು ಚೀಟಿ. ಕೊರೊನಾ ಕಾಲದಲ್ಲಿ ವಿಡಿಯೊ ಕರೆಯ ಏರ್ಪಾಡೂ ಸೇರಿಕೊಂಡಿತು. ಗೆದ್ದವರಿಗೆ ತಮ್ಮ ಆರಾಧ್ಯ ಯುವಕನೊಡನೆ ಒಂದೆರಡು ನಿಮಿಷ ಮಾತನಾಡುವ ಭಾಗ್ಯ ಸಿಗುತ್ತದೆ. ಸೋತವರಿಗೆ ಮನೆ ತುಂಬ ಪೆಟ್ಟಿಗೆಗಳು ಸಿಗುತ್ತವೆ.

ಆ ಪೆಟ್ಟಿಗೆಗಳು ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ 2024ರ ವಸಂತದಲ್ಲಿ ಟೋಕಿಯೊದ ಶಿಬುಯಾ ಬೀದಿ ಉತ್ತರ ಕೊಟ್ಟಿತು. ‘ಸೆವೆಂಟೀನ್’ ತಂಡದ ಆಗಷ್ಟೇ ಬಂದಿದ್ದ ಆಲ್ಬಮ್‌ಗಳ ರಾಶಿ, ಬೇಕಾದವರು ತೆಗೆದುಕೊಂಡು ಹೋಗಬಹುದೆಂಬ ಬರಹದೊಂದಿಗೆ ರಸ್ತೆಯ ಬದಿಯಲ್ಲಿ ಬಿದ್ದಿದ್ದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಕೊರಿಯಾದ ಪರಿಸರ ಸಚಿವಾಲಯದ ಅಂಕಿಗಳ ಪ್ರಕಾರ ಆಲ್ಬಮ್ ತಯಾರಿಕೆಗೆ ಬಳಸಿದ ಪ್ಲಾಸ್ಟಿಕ್ಕು 2017ರಲ್ಲಿ 55.8 ಟನ್ ಇದ್ದದ್ದು 2022ರಲ್ಲಿ 801.5 ಟನ್ ಆಯಿತು. ಐದು ವರ್ಷಗಳಲ್ಲಿ ಹದಿನಾಲ್ಕು ಪಟ್ಟು ಬೆಳೆದ ಈ ಕಲಾಪ್ರಕಾರಕ್ಕೆ ಪ್ರತ್ಯೇಕ ಪ್ರಶಸ್ತಿಯಿಲ್ಲದಿರುವುದು ಅನ್ಯಾಯ.

ಆದರೆ ಕಂಪನಿಗಳು ಕೈಕಟ್ಟಿ ಕುಳಿತಿಲ್ಲ. ಸಮಸ್ಯೆಯ ಮೂಲ ಯಾವುದೆಂದು ಪತ್ತೆಹಚ್ಚಿ, ಅದನ್ನು ಕಿತ್ತೆಸೆಯಲು ಆರಂಭಿಸಿವೆ. ಆ ಮೂಲ ಸಿಡಿಯೇ ಎಂದು ತಿಳಿದುಬಂದಿದೆ. 2022ರ ಜುಲೈಯಲ್ಲಿ ಬಿಟಿಎಸ್ ತಂಡದ ಜೆ-ಹೋಪ್ ತನ್ನ ಆಲ್ಬಮ್ಮನ್ನು ಸಿಡಿಯೇ ಇಲ್ಲದೆ ಹೊರತಂದರು. ಕೊಂಡವರಿಗೆ ಕಾರ್ಡುಗಳೂ ಹಾಡನ್ನು ಇಳಿಸಿಕೊಳ್ಳಲು ಒಂದು ಕ್ಯುಆರ್ ಕೋಡೂ ದೊರೆತವು. ಅಂಥ ಪೆಟ್ಟಿಗೆಯೂ ಕೊರಿಯಾದ ಮಾರಾಟದ ಪಟ್ಟಿಯಲ್ಲಿ ಒಂದು ಆಲ್ಬಮ್ಮೆಂದೇ ಎಣಿಕೆಯಾಗುತ್ತದೆ, ಅದನ್ನೂ ಹತ್ತಾರು ಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಈ ಸುಧಾರಣೆ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಬೇಕೆಂದು ನನ್ನ ನಮ್ರ ಸಲಹೆ. ಕಾರ್ಡು ಬಯಸುವವರು ಇಷ್ಟೆಲ್ಲ ಬೆವರು ಸುರಿಸುತ್ತಿರುವಾಗ, ಹಾಡು ಬಯಸುವವರು ಒಂದೇ ಪೆಟ್ಟಿಗೆಗೆ ಹನ್ನೊಂದೂ ಹಾಡುಗಳನ್ನು ಕೇಳಿ ಮುಗಿಸುವುದು ಸಮಾನತೆಗೆ ವಿರುದ್ಧವಾದುದು. ಮುಂದಿನ ಆಲ್ಬಮ್ಮಿನ ಪ್ರತಿ ಪೆಟ್ಟಿಗೆಯಲ್ಲೂ ಹನ್ನೊಂದರ ಪೈಕಿ ಯಾವುದಾದರೊಂದು ಹಾಡನ್ನು ಮಾತ್ರ, ಯಾವುದೆಂದು ಹೇಳದೆ, ಇಟ್ಟು ಮಾರಲಿ. ಎಲ್ಲವನ್ನೂ ಕೇಳಲೇಬೇಕೆಂದು ಹಟ ಹಿಡಿದವರು ಸರಾಸರಿ 33 ಪೆಟ್ಟಿಗೆ ಕೊಂಡರೆ ಸಾಕಾಗುತ್ತದೆ, ಮತ್ತು ಅಷ್ಟು ಕೊಂಡ ಮೇಲೆ ಅವುಗಳಲ್ಲಿ ಮೂರು ಒಂದೇ ಹಾಡೆಂದು ಅವರೇ ಕಂಡುಕೊಳ್ಳುತ್ತಾರೆ.