ಒಂದು ತಿಂಗಳು ಕಲಿತ ಪದ ಹಾಡದೆ ಬಸ್ಸು ಹತ್ತಿದೆವು

ಹೊಟ್ಟೆ ಉರೀತಿದೆ. ಕಲಬುರಗಿಯ ನಮ್ಮ ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಮುಗಿದು ನಾಲ್ಕು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ.

ಪ್ರತಿ ವರ್ಷ ಯುಗಾದಿ ಆಸುಪಾಸಿನಲ್ಲಿ ನಮ್ಮಲ್ಲಿ ಗ್ಯಾದರಿಂಗ್ ಇರುತ್ತದೆ. ಈ ಸಲ ವಂತಿಗೆ 500 ರೂಪಾಯಿ. ಕೊಡದಿದ್ದರೆ ಹಾಲ್ ಟಿಕೆಟ್ ಇಲ್ಲ ಅಂತ ಕ್ಲಾಸಿಗೇ ಬಂದು ಹೇಳಿ ಹೋದರು. ನಮ್ಮವ್ವ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಾಳೆ. ಎರಡು ದಿನ ಬಗ್ಗಿ ಕಳೆ ತೆಗೆದರೆ ಅಷ್ಟು ದುಡ್ಡು. ಆದರೂ ಖುಷಿಯಿಂದಲೇ ಕೊಟ್ಟೆ. ಯಾಕಂದ್ರೆ ಈ ವರ್ಷ ನಾವೂ ಹಾಡುವವರಿದ್ದೆವು.

ನಾವು ಆರು ಜನ ಹುಡುಗಿಯರು. ಎಲ್ಲರೂ ಜೇವರ್ಗಿ, ಯಡ್ರಾಮಿ ಕಡೆಯವರು. ಕಡಕೋಳ ನಮ್ಮ ಸೀಮೆಯ ಊರು. ಅಲ್ಲಿನ ತತ್ವಪದಕಾರ ಮಡಿವಾಳಪ್ಪನವರ ಪದ ಕೇಳುತ್ತಲೇ ಬೆಳೆದಿದ್ದೇವೆ. ಅಮಾವಾಸ್ಯೆ ಬಂತೆಂದರೆ ಗುಡಿ ಮುಂದೆ ರಾತ್ರಿಯಿಡೀ ಭಜನೆ. ನಮ್ಮೂರಲ್ಲಿ ಹಾಡುವವರೆಲ್ಲ ವಯಸ್ಸಾದ ಗಂಡಸರು. ನಾವೂ ಒಮ್ಮೆ ನಾಲ್ಕು ಮಂದಿ ಎದುರು ಹಾಡಬೇಕು ಅಂತ ಆಸೆ ಇತ್ತು. ಒಂದು ತಿಂಗಳು ದಿನಾ ಊಟದ ಬಿಡುವಿನಲ್ಲಿ ಕಾಲೇಜಿನ ಹಿಂದಿನ ಬೇವಿನ ಗಿಡದ ಕೆಳಗೆ ಕೂತು ಕಲಿತೆವು. ಏಕತಾರಿ ನಮ್ಮಜ್ಜನದು. ಬಸ್ಸಿನ ನೂಕಾಟದಲ್ಲಿ ತಂತಿ ಹರಿಯಬಾರದು ಅಂತ ಅದಕ್ಕೆ ತನ್ನ ಟವೆಲ್ ಸುತ್ತಿ, ಮೇಲೆ ಸುತಳಿ ಕಟ್ಟಿ ಕೊಟ್ಟಿದ್ದ.

ಕಾರ್ಡಿನಲ್ಲಿ ಬರೆದದ್ದು ಬೆಳಿಗ್ಗೆ 10:30. ಮುಖ್ಯ ಅತಿಥಿ ಬಂದದ್ದು ಮಧ್ಯಾಹ್ನ ಒಂದೂಕಾಲಿಗೆ. ಕಲಬುರಗಿ ಬಿಸಿಲು ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ ಈ ಕಡೆಯ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಸರ್ಕಾರಕ್ಕೆ ಗೊತ್ತಿರುವುದು ನಮ್ಮ ಕಾಲೇಜಿಗೆ ಗೊತ್ತಿಲ್ವಾ? ಶಾಮಿಯಾನ ಹಾಕಿದ್ದು ಮುಂದಿನ ಸಾಲುಗಳಿಗೆ ಮಾತ್ರ. ಅಲ್ಲಿ ಸೋಫಾ, ಎರಡೂ ಕಡೆ ಕೂಲರ್. ನಮಗೆ ಬಯಲಲ್ಲಿ ಪ್ಲಾಸ್ಟಿಕ್ ಕುರ್ಚಿ, ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ನೀರಿನ ಕ್ಯಾನು ಹನ್ನೆರಡಕ್ಕೇ ಖಾಲಿ. ಫಸ್ಟ್ ಇಯರ್ ಹುಡುಗಿಯೊಬ್ಬಳು ತಲೆ ಸುತ್ತಿ ಬಿದ್ದಳು. ನಾವೇ ಎತ್ತಿ ಲೈಬ್ರರಿ ವರಾಂಡಕ್ಕೆ ಒಯ್ದೆವು. ದುಪಟ್ಟಾ ಒದ್ದೆ ಮಾಡಿ ಮುಖ ಒರೆಸಿದೆವು. ಒಬ್ಬ ಮೇಡಂ ಕೂಡ ಬಂದು ನೋಡಲಿಲ್ಲ. ಎಲ್ಲರೂ ಗೇಟಿನ ಹತ್ತಿರ ಹಾರ ಹಿಡಿದು ನಿಂತಿದ್ದರು.

ಆಮೇಲೆ ಸನ್ಮಾನ. ಎಣಿಸಿದೆ, ಹತ್ತೊಂಬತ್ತು ಮಂದಿ. ಒಬ್ಬೊಬ್ಬರಿಗೂ ಶಾಲು, ಹಾರ, ಫೋಟೋ. ಆಮೇಲೆ ಭಾಷಣ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರು ಬಂದದ್ದು, ಶರಣರ ನಾಡು, ಈ ಮಣ್ಣಿನ ಹಾಡು ಉಳಿಸಬೇಕು ಅನ್ನುವುದು, ಎಲ್ಲ ಹೇಳಿದರು. ಅಷ್ಟು ಹೊತ್ತೂ ನಾವು ಅವ್ವಂದಿರ ಇಳಕಲ್ ಸೀರೆ ಉಟ್ಟು, ಏಕತಾರಿ ಹಿಡಿದು ಸ್ಟೇಜಿನ ಹಿಂದೆ ನಿಂತೇ ಇದ್ದೆವು.

ನಮ್ಮ ಕಾರ್ಯಕ್ರಮಗಳು ಶುರುವಾದಾಗ ನಾಲ್ಕು ದಾಟಿತ್ತು. ನಮ್ಮದು ಆರನೇ ನಂಬರ್. ನಮ್ಮ ಊರಿನ ಕೊನೆ ಬಸ್ಸು ಐದೂವರೆಗೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ ಚಿಂತೆ ಇಲ್ಲ, ನಿಜ. ಆದರೆ ಆ ಬಸ್ಸು ತಪ್ಪಿದರೆ ಜೇವರ್ಗಿಯಿಂದ ಮುಂದೆ ಕತ್ತಲಲ್ಲಿ ಟಂಟಂ ಆಟೋ ಹುಡುಕಬೇಕು. ಅವ್ವ ಆಗಲೇ ಮೂರು ಸಲ ಫೋನ್ ಮಾಡಿದ್ದಳು. "ಎಲ್ಲಿದ್ದಿಯವ್ವಾ, ಹೊಂಟಿಯಿಲ್ಲೋ?"

ಕಾರ್ಯಕ್ರಮ ನೋಡಿಕೊಳ್ಳುವ ಸರ್ ಹತ್ತಿರ ಹೋಗಿ ಕೈ ಮುಗಿದೆ. "ಸರ್, ನಮ್ಮದು ಏಳೇ ನಿಮಿಷದ ಪದ ಅದರಿ. ಸ್ವಲ್ಪ ಮುಂದ ಹಾಕ್ರಿ ಸರ್, ಬಸ್ ತಪ್ತದರಿ."

ಅವರು ನನ್ನ ಮುಖವನ್ನೂ ನೋಡಲಿಲ್ಲ. "ಡಿಜೆದವ್ರು ಕಾಯಕತ್ತಾರ. ತಡಿಲಿಕ್ಕ ಆಗಲ್ಲಂದ್ರ ಹೋಗ್ರಿ. ಮುಂದಿನ ವರ್ಷ ಹಾಡ್ರಿ."

ನಾವು ಫೈನಲ್ ಇಯರ್ ಸರ್. ನಮಗೆ ಮುಂದಿನ ವರ್ಷ ಇಲ್ಲ.

ಐದಕ್ಕೆ ಹೊರಟೆವು. ಬೆಳಿಗ್ಗೆ ಬಿಚ್ಚಿದ್ದ ಸುತಳಿಯನ್ನೇ ಮತ್ತೆ ಕಟ್ಟಿದೆ. ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟುವಾಗ ನಮ್ಮಲ್ಲೊಬ್ಬಳು ಕಿಟಕಿ ಕಡೆ ಮುಖ ಮಾಡಿ ಅಳುತ್ತಿದ್ದಳು. ಮೊಬೈಲಿಗೆ ಗ್ರೂಪಿನಿಂದ ಡಿಜೆ ವಿಡಿಯೋ ಬರುತ್ತಲೇ ಇದ್ದವು.

ಡಿಜೆ ಬೇಡ ಅಂತ ನಾನು ಹೇಳ್ತಿಲ್ಲ. ಕುಣಿಯುವವರು ಕುಣಿಯಲಿ. ಆದರೆ ಹಾಸ್ಟೆಲ್‌ನವರು, ಸಿಟಿಯಲ್ಲಿ ಮನೆ ಇದ್ದವರು ಮಾತ್ರ ಕೊನೆವರೆಗೆ ನೋಡುವ ಹಬ್ಬಕ್ಕೆ ನಮ್ಮ ಹತ್ತಿರ ಯಾಕೆ ದುಡ್ಡು ತಗೋತೀರಿ? ಆಳಂದ, ಅಫಜಲಪುರ, ಚಿತ್ತಾಪುರ, ಸೇಡಂ ಕಡೆಯಿಂದ ದಿನಾ ಬಸ್ಸಿಗೆ ಬಂದು ಹೋಗುವವರೇ ನಮ್ಮ ಕಾಲೇಜಿನಲ್ಲಿ ಜಾಸ್ತಿ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ, ಮೊದಲು ನಮ್ಮನ್ನು ಹಾಡಿಸಿ, ಕುಣಿಸಿ. ಅತಿಥಿಗಳು ಯಾವಾಗ ಬರ್ತಾರೋ ಆಗ ಸನ್ಮಾನ ಮಾಡಿ. ಇದಕ್ಕೆ ಒಂದು ರೂಪಾಯಿ ಖರ್ಚಾಗಲ್ಲ.

ನಿನ್ನೆ ಆಫೀಸಿಗೆ ಕರೆದು ಆರು ಸರ್ಟಿಫಿಕೇಟ್ ಮುಂದೆ ಇಟ್ಟರು. 'ಜಾನಪದ ಗಾಯನದಲ್ಲಿ ಭಾಗವಹಿಸಿದ್ದಾರೆ' ಅಂತ ಬರೆದು, ನಮ್ಮ ಹೆಸರು ಹಾಕಿ, ಸಹಿ, ಸೀಲು ಎಲ್ಲ ಮಾಡಿದ್ದಾರೆ. ನಾವು ಹಾಡೇ ಇಲ್ಲ, ಎಲ್ಲಿ ಭಾಗವಹಿಸಿದೆವು ಅಂತ ಕೇಳಿದೆ. "ಸುಮ್ನೆ ತಗೊಂಡ್ ಹೋಗ್ರಿ, ಕೆಲಸಕ್ಕ ಬರ್ತದ" ಅಂದರು. ಆರೂ ಜನ ಟೇಬಲ್ ಮೇಲೇ ಬಿಟ್ಟು ಬಂದಿದ್ದೇವೆ.