ಇದು ನನ್ನ ಟೇಬಲ್ ಅಲ್ಲ ಮಾರಾಯ್ರೆ

ಅಡಿಕೆ ಕೊಯ್ಲು ಶುರುವಾತು ಅಂದ್ರೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸುಲಿಯೋ ಚಪ್ಪರದಲ್ಲಿ ಕೂತವರೆಲ್ಲ ವಿದೇಶಾಂಗ ತಜ್ಞರಾಗ್ತಾರೆ. ಕೈ ಮೆಟ್ಟುಗತ್ತಿ ಮೇಲೆ, ಬಾಯಿ ವಾಷಿಂಗ್ಟನ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಅಮೆರಿಕದವರು ನಮ್ಮ ದೇಶದ ಸಾಮಾನಿಗೆ 50 ಪರ್ಸೆಂಟ್ ಸುಂಕ ಜಡಿದ್ರಲ್ಲ, ಆಮೇಲಂತೂ ಟ್ರಂಪ್ ಹೆಸರು ಬರದೇ ಒಂದು ಡಬ್ಬ ಅಡಿಕೆನೂ ತುಂಬಲ್ಲ. ನಮ್ಮ ರಾಶಿ ಇಡಿ ಅಮೆರಿಕಕ್ಕೆ ಹೋಗಲ್ಲ, ಗುಟ್ಕಾ ಫ್ಯಾಕ್ಟರಿಗೆ ಹೋಗುತ್ತೆ ಅನ್ನೋದು ಬೇರೆ ವಿಷಯ, ಸಿಟ್ಟು ಸಿಟ್ಟೇ.

ಚರ್ಚೆಯ ವಿಷಯ ಏನಪ್ಪಾ ಅಂದ್ರೆ, ಅಪರಾಧದ ಆರೋಪ ಹೊತ್ತ ಅಧ್ಯಕ್ಷನ್ನ ಮಹಾಭಿಯೋಗ ಮಾಡಿ ಇಳಿಸಬೇಕೋ ಬೇಡ್ವೋ. ಇಳಿಸಬೇಕು ಅನ್ನೋರು ಒಂದಷ್ಟು ಜನ, ಜನ ಆರಿಸಿದ್ದು ಮುಟ್ಟಬೇಡಿ ಅನ್ನೋರು ಒಂದಷ್ಟು. ನನಗೆ ಇವರಿಬ್ಬರ ಮೇಲೂ ತಕರಾರಿಲ್ಲ, ನನಗೆ ಮಜಾ ಕೊಡೋದು ಮೂರನೇ ಗುಂಪು. "ಇಳಿಸಬೇಕು ಹೌದು, ಯಾರು ಬೇಡ ಅಂದ್ರು, ಆದ್ರೆ ಅದು ನಮ್ಮ ಕೆಲಸ ಅಲ್ಲ" ಅನ್ನೋ ಗುಂಪು. ಈ ಗುಂಪಿನವರು ಚಪ್ಪರದಲ್ಲಿ ಒಬ್ಬಿಬ್ಬರು ಇರ್ತಾರೆ, ಅಮೆರಿಕದ ಸೆನೆಟ್‌ನಲ್ಲಿ ಬೇಕಾದಷ್ಟು ಇದಾರೆ.

ಮೊದ್ಲು ಒಂದು ಫಾರಂ ವಿಷಯ ಹೇಳ್ಬಿಡ್ತೀನಿ. ನಮ್ಮೂರ ಹುಡುಗ ಯಾರಾದ್ರೂ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಓದಕ್ಕೆ ಹೋಗ್ತೀನಿ ಅಂತ ಹೊರಟ್ರೆ ಡಿಎಸ್ 160 ಅಂತ ಒಂದು ವೀಸಾ ಅರ್ಜಿ ತುಂಬಬೇಕು. ಅದರಲ್ಲೊಂದು ಪ್ರಶ್ನೆ ಇದೆ, ಯಾವತ್ತಾದ್ರೂ ಅರೆಸ್ಟ್ ಆಗಿದೀಯಾ, ಯಾವ್ದಾದ್ರೂ ಅಪರಾಧದಲ್ಲಿ ತಪ್ಪಿತಸ್ಥ ಅಂತ ಆಗಿದೀಯಾ, ಆಮೇಲೆ ಕ್ಷಮೆ ಸಿಕ್ಕಿದ್ರೂ ಪರವಾಗಿಲ್ಲ ಹೇಳು. ಪಾಪ ನಮ್ಮ ಹುಡುಗ ಕಾಲೇಜಲ್ಲಿ ಸ್ಟ್ರೈಕ್ ಮಾಡಿ ಒಂದು ಮಧ್ಯಾಹ್ನ ಪೊಲೀಸ್ ವ್ಯಾನಲ್ಲಿ ಕೂತಿದ್ದನ್ನ ನೆನೆಸಿಕೊಂಡು ರಾತ್ರಿ ನಿದ್ದೆಗೆಡ್ತಾನೆ. ಅದೇ ದೇಶದ ವೈಟ್ ಹೌಸಿಗೆ ಹೋಗೋಕೆ ಈ ಕಾಲಂ ಇಲ್ಲ! ಹುಟ್ಟಿನಿಂದ ಅಮೆರಿಕದ ಪ್ರಜೆ ಆಗಿರ್ಬೇಕು, 35 ವರ್ಷ ತುಂಬಿರ್ಬೇಕು, 14 ವರ್ಷ ಅಲ್ಲಿ ವಾಸ ಇದ್ದಿರ್ಬೇಕು, ಸಂವಿಧಾನದಲ್ಲಿ ಅರ್ಹತೆ ಅಂತ ಬರೆದಿರೋದು ಇಷ್ಟೇ. ನ್ಯೂಯಾರ್ಕಿನ ಜ್ಯೂರಿ 2024ರ ಮೇ 30ಕ್ಕೆ ಟ್ರಂಪ್ 34 ಆರೋಪಗಳಲ್ಲಿ 34ರಲ್ಲೂ ತಪ್ಪಿತಸ್ಥ ಅಂತು, ವ್ಯವಹಾರದ ಲೆಕ್ಕಪತ್ರದಲ್ಲಿ ಸುಳ್ಳು ಬರೆಸಿದ ಕೇಸು. ನೂರಕ್ಕೆ ನೂರು, ನಮ್ಮ ಎಸ್ಸೆಸ್ಸೆಲ್ಸಿ ಹುಡುಗರಿಗೂ ಬರಲ್ಲ. 2025ರ ಜನವರಿ 10ಕ್ಕೆ ಶಿಕ್ಷೆ ಪ್ರಕಟ ಆಯ್ತು, ಜೈಲಿಲ್ಲ, ದಂಡ ಇಲ್ಲ, ಹೋಗ್ಬಾ ಅಂದ್ರು. ಹತ್ತು ದಿನ ಬಿಟ್ಟು ಪ್ರಮಾಣ ವಚನ.

ಸರಿ, ಇನ್ನು ಟೇಬಲ್ ಕಥೆಗೆ ಬರೋಣ. ತಾಲ್ಲೂಕು ಕಚೇರಿಗೆ ಬಗರ್ ಹುಕುಂ ಅರ್ಜಿ ಹಿಡ್ಕೊಂಡು ಹೋದವರಿಗೆ ಇದನ್ನ ಜಾಸ್ತಿ ಬಿಡಿಸಿ ಹೇಳೋದು ಬೇಡ. ಈ ಟೇಬಲ್‌ನವರು ಸರ್ವೆ ಆಗ್ಲಿ ಅಂತಾರೆ, ಸರ್ವೆಯವರು ಫಾರೆಸ್ಟಿನ ಎನ್‌ಓಸಿ ತನ್ನಿ ಅಂತಾರೆ, ಫಾರೆಸ್ಟಿನವರು ರೆವಿನ್ಯೂದವರು ಬರೆದು ಕೊಡ್ಲಿ ಅಂತಾರೆ, ಅಷ್ಟೊತ್ತಿಗೆ ಮೊದಲನೇ ಟೇಬಲ್‌ನವರು ಟ್ರಾನ್ಸ್‌ಫರ್ ಆಗಿರ್ತಾರೆ.

ಅಮೆರಿಕದಲ್ಲಿ ಅಧ್ಯಕ್ಷನ ಫೈಲು ಹೆಂಗೆ ಓಡಾಡ್ತು ನೋಡಿ. 2019ರಲ್ಲಿ ಮುಲ್ಲರ್ ಅನ್ನೋ ವಿಶೇಷ ತನಿಖಾಧಿಕಾರಿ ಟ್ರಂಪ್ ಗೆದ್ದ ಎಲೆಕ್ಷನ್ನಿನಲ್ಲಿ ರಷ್ಯಾ ಕೈಯಾಡಿಸಿದ್ದರ ಮೇಲೆ 448 ಪುಟದ ವರದಿ ಕೊಟ್ರು. ಅಷ್ಟು ಪುಟ ಬರೆದವರು ಅಪರಾಧ ಆಗಿದೆ ಅಂತ ಯಾಕೆ ಬರೀಲಿಲ್ಲ ಅಂದ್ರೆ, ಹಾಲಿ ಅಧ್ಯಕ್ಷರ ಮೇಲೆ ಕ್ರಿಮಿನಲ್ ಕೇಸ್ ಹಾಕೋ ಹಾಗಿಲ್ಲ ಅಂತ ಅಲ್ಲಿನ ನ್ಯಾಯಾಂಗ ಇಲಾಖೆ 1973ರಲ್ಲೇ ಒಂದು ಟಿಪ್ಪಣಿ ಬರೆದಿಟ್ಟಿದೆಯಂತೆ. ಕಾನೂನಲ್ಲ, ಕೋರ್ಟಿನ ಆರ್ಡರ್ ಅಲ್ಲ, ಇಲಾಖೆ ಟಿಪ್ಪಣಿ. ಹಂಗಾದ್ರೆ ಯಾರು ಮಾಡ್ಬೇಕು ಅಂದ್ರೆ ಸಂಸತ್ತು ಮಾಡ್ಲಿ. ಆಯ್ತಪ್ಪ, ಅದೇ ವರ್ಷ ಡಿಸೆಂಬರಲ್ಲಿ ನನ್ನ ಎದುರಾಳಿ ಮೇಲೆ ತನಿಖೆ ಮಾಡಿ ಅಂತ ಉಕ್ರೇನ್ ಮೇಲೆ ಒತ್ತಡ ಹಾಕಿದ ವಿಷಯಕ್ಕೆ ಕೆಳಮನೆ ಮಹಾಭಿಯೋಗ ಮಾಡಿ, ಅಂದ್ರೆ ಆರೋಪ ಹೊರಿಸಿ, ವಿಚಾರಣೆಗೆ ಮೇಲ್ಮನೆ ಸೆನೆಟ್ಟಿಗೆ ಕಳಿಸ್ತು. ಸೆನೆಟ್‌ನವರು ಸಾಕ್ಷಿ ಕರೆಯೋದೇ ಬೇಡ ಅಂತ 51-49ರಲ್ಲಿ ತೀರ್ಮಾನ ಮಾಡಿದ್ರು, ಸಾಕ್ಷಿನೇ ಇಲ್ಲದ ವಿಚಾರಣೆ! ಎಲೆಕ್ಷನ್ ಹತ್ರ ಬಂತಲ್ಲ ಜನನೇ ತೀರ್ಮಾನ ಮಾಡ್ಲಿ ಅಂದ್ರು. ಜನ ತೀರ್ಮಾನ ಮಾಡಿದ್ರು, ಸೋಲಿಸಿದ್ರು. ಅಧ್ಯಕ್ಷರು ಸೋತಿಲ್ಲ ಅಂದ್ರು. 2021ರ ಜನವರಿ 6ಕ್ಕೆ ಗುಂಪು ಕ್ಯಾಪಿಟಲ್‌ಗೇ ನುಗ್ತು, ಸೆನೆಟರ್‌ಗಳು ಹಿಂದಿನ ಬಾಗಿಲಿಂದ ಓಡಿದ್ರು. ಒಂದೇ ವಾರಕ್ಕೆ ಎರಡನೇ ಮಹಾಭಿಯೋಗ ಆಯ್ತು. ಓಡಿದವರೇ ಸಾಕ್ಷಿ, ಅವರೇ ಜ್ಯೂರಿ, ಇನ್ನೇನು ಬೇಕು ಅಂತ ನಾವೆಲ್ಲ ಇಲ್ಲಿ ಅಂದ್ಕೊಂಡ್ರೆ, ಸೆನೆಟ್‌ನಲ್ಲಿ ಟ್ರಂಪ್ ಪಾರ್ಟಿಯ ನಾಯಕ ಮ್ಯಾಕಾನೆಲ್ ನಿರ್ದೋಷಿ ಅಂತ ಓಟ್ ಹಾಕಿ, ಆಮೇಲೆ ಎದ್ದು ನಿಂತು ಇದಕ್ಕೆಲ್ಲ ಇವರೇ ಕಾರಣ ಅಂತ ಬೈದು, ಆದ್ರೆ ಈಗ ಇವರು ಮಾಜಿ ಆಗಿದಾರಲ್ಲ, ಮಾಜಿಗಳನ್ನ ನೋಡ್ಕೊಳೋಕೆ ಕೋರ್ಟುಗಳಿವೆ ಅಂತ ಹೇಳಿ ಮನೆಗೆ ಹೋದ್ರು. 57 ಜನ ದೋಷಿ ಅಂದ್ರು, 43 ಜನ ಅಲ್ಲ ಅಂದ್ರು, 67 ಬೇಕಿತ್ತು.

ಫೈಲು ಕೋರ್ಟಿಗೆ ಬಂತು. 2024ರ ಜನವರಿಯಲ್ಲಿ ಅಪೀಲು ಕೋರ್ಟಿನ ಜಡ್ಜೊಬ್ಬರು ಟ್ರಂಪ್ ವಕೀಲರಿಗೆ ಕೇಳಿದ್ರು, ಅಲ್ರೀ, ಅಧ್ಯಕ್ಷ ಕಮಾಂಡೋಗಳನ್ನ ಕಳಿಸಿ ತನ್ನ ರಾಜಕೀಯ ಎದುರಾಳಿನ ಕೊಲ್ಲಿಸಿದ್ರೆ ಕೇಸ್ ಹಾಕ್ಬಹುದಾ? ವಕೀಲರು ಅದಕ್ಕೆ ಹೇಳಿದ್ದು, ಹಾಕ್ಬಹುದು, ಆದ್ರೆ ಮೊದ್ಲು ಮಹಾಭಿಯೋಗ ಆಗಿ ಸೆನೆಟ್‌ನಲ್ಲಿ ದೋಷಿ ಅಂತ ಆಗಿರ್ಬೇಕು ಅಂತ. ಗೊತ್ತಾತಾ? ಸೆನೆಟ್ ಹೇಳಿದ್ದು ಕೋರ್ಟಿಗೆ ಹೋಗಿ, ಕೋರ್ಟಲ್ಲಿ ಹೇಳಿದ್ದು ಸೆನೆಟ್ಟಿಗೆ ಹೋಗಿ ಬನ್ನಿ. ಆ ಮಾತನ್ನ ಜಡ್ಜುಗಳು ಒಪ್ಪಲಿಲ್ಲ ಬಿಡಿ, ಆದ್ರೆ ಜುಲೈ 1ಕ್ಕೆ ಸುಪ್ರೀಂ ಕೋರ್ಟು 6-3ರಲ್ಲಿ, ಅಧ್ಯಕ್ಷರ ಮುಖ್ಯ ಸಂವಿಧಾನಾತ್ಮಕ ಅಧಿಕಾರದ ಕೆಲಸಕ್ಕೆ ಪೂರ್ತಿ ರಕ್ಷಣೆ, ಉಳಿದ ಅಧಿಕೃತ ಕೆಲಸಕ್ಕೂ ಕನಿಷ್ಠ ಮೇಲ್ನೋಟದ ರಕ್ಷಣೆ, ಖಾಸಗಿ ಕೆಲಸಕ್ಕೆ ಮಾತ್ರ ಇಲ್ಲ ಅಂತು. ಯಾವುದು ಅಧಿಕೃತ ಯಾವುದು ಖಾಸಗಿ ಅಂತ ಕೆಳಗಿನ ಕೋರ್ಟಲ್ಲಿ ವಿಂಗಡಣೆ ಮಾಡಿ ಅಂತ ಫೈಲು ವಾಪಸ್. ಅಡಿಕೆನಾದ್ರೂ ರಾಶಿ, ಬೆಟ್ಟೆ, ಗೊರಬಲು ಅಂತ ಮೂರು ದಿನದಲ್ಲಿ ವಿಂಗಡಣೆ ಮಾಡ್ಬಹುದು, ಇದು ಮುಗೀಲೇ ಇಲ್ಲ. ನವೆಂಬರ್ ಬಂತು, ಎಲೆಕ್ಷನ್ ಗೆದ್ರು, ಗೆದ್ದ ಮೇಲೆ ಮತ್ತೆ ಆ 1973ರ ಟಿಪ್ಪಣಿ ಇದ್ದೇ ಇದೆಯಲ್ಲ, ಈ ಫೆಡರಲ್ ಕೇಸು ವಜಾ.

ಇಷ್ಟು ದೂರ ಓಡಾಡಿದ ಫೈಲು ನಮ್ಮ ಸಾಗರದ ಕಡೆ ಮುಳುಗಡೆ ಸಂತ್ರಸ್ತರದ್ದು ಬಿಟ್ರೆ ಬೇರೆ ಇಲ್ಲ. ಲಿಂಗನಮಕ್ಕಿ ಡ್ಯಾಂ 1964ರಲ್ಲಿ ಆಗಿದ್ದು, ಹಕ್ಕುಪತ್ರ ಇವತ್ತಿಗೂ ಕೇಳ್ತಿದಾರೆ. ಇರ್ಲಿ, ಅದು ಬೇರೆ ದಿನಕ್ಕೆ.

ಟ್ರಂಪ್ ಒಬ್ಬರನ್ನೇ ಯಾಕೆ ಹಿಡ್ಕೊಂಡೆ ಅಂತ ಕೇಳ್ಬೇಡಿ, ಅಲ್ಲಿಯ ಮಹಾಭಿಯೋಗದ ಚರಿತ್ರೆ ಪೂರ್ತಿ ಹಿಂಗೇ ಇದೆ. ಮೂರು ಅಧ್ಯಕ್ಷರಿಗೆ ನಾಲ್ಕು ಸಲ ಆಗಿದೆ, ಇಳಿದವರು ಸೊನ್ನೆ. ಮೊದಲನೇದು 1868ರಲ್ಲಿ, ಆಂಡ್ರ್ಯೂ ಜಾನ್ಸನ್. ಅವರು ಮಾಡಿದ ಮಹಾಪರಾಧ ಏನಪ್ಪಾ ಅಂದ್ರೆ ತಮ್ಮ ಯುದ್ಧಮಂತ್ರಿ ಸ್ಟಾಂಟನ್‌ನ ಕೆಲಸದಿಂದ ತೆಗೆದಿದ್ದು. ತೆಗೆದ್ರೂ ಆ ಮಂತ್ರಿ ಎದ್ದು ಹೋಗ್ಲಿಲ್ಲ, ಆಫೀಸಿನ ಬಾಗಿಲಿಗೆ ಅಡ್ಡ ಇಟ್ಕೊಂಡು ವಾರಗಟ್ಟಲೆ ಒಳಗೇ ಕೂತುಬಿಟ್ರು. ಜಾನ್ಸನ್ ಒಂದೇ ಒಂದು ಓಟಲ್ಲಿ ಉಳ್ಕೊಂಡ್ರು, 36 ಬೇಕಿತ್ತು, 35 ಬಂತು. ಆ 35ರಲ್ಲಿ ಒಂದು ಓಟು ಬೆಂಜಮಿನ್ ವೇಡ್ ಅನ್ನೋರದ್ದು. ಜಾನ್ಸನ್ ಇಳಿದ್ರೆ ಅಧ್ಯಕ್ಷ ಆಗ್ತಿದ್ದವರು ಯಾರು ಗೊತ್ತಾ, ಅದೇ ವೇಡ್. ನಾಚಿಕೆ ಇಲ್ಲದೇ ಇಳಿಸಬೇಕು ಅಂತ ಓಟ್ ಹಾಕಿದ್ರು ಮಾರಾಯ್ರೆ, ನಮ್ಮ ಸೊಸೈಟಿ ಎಲೆಕ್ಷನ್‌ನಲ್ಲೂ ಇಂಥ ವಿಷಯಕ್ಕೆ ಒಂಚೂರು ಕೆಮ್ಮಿ ಹೊರಗೆ ಹೋಗ್ತಾರೆ.

ನಿಕ್ಸನ್ ಕೇಸು ಇನ್ನೂ ಚಂದ. ವಾಟರ್‌ಗೇಟ್ ವಿಚಾರಕ್ಕೆ, ಅಂದ್ರೆ ಎದುರು ಪಾರ್ಟಿ ಆಫೀಸಿಗೆ ಕಳ್ಳತನದಲ್ಲಿ ನುಗ್ಗಿದ ಕೇಸಿಗೆ, ಅಧ್ಯಕ್ಷರ ಮಾತುಕತೆಯ ಟೇಪು ಕೊಡಿ ಅಂದ್ರೆ ಕೊಟ್ಟ ಟೇಪಲ್ಲಿ ಹದಿನೆಂಟೂವರೆ ನಿಮಿಷ ಬರೀ ಗುಂಯ್ ಅನ್ನೋ ಸದ್ದು. ಎಲ್ಲಿ ಹೋತು ಅಂದ್ರೆ ಸೆಕ್ರೆಟರಿ ರೋಸ್ ಮೇರಿ ವುಡ್ಸ್ ಹೇಳಿದ್ರು, ನಾನು ಟೈಪ್ ಮಾಡ್ತಿದ್ದಾಗ ಫೋನ್ ಬಂತು, ತಗೊಳಕ್ಕೆ ಹಿಂದೆ ಬಾಗಿದೆ, ಕಾಲು ಪೆಡಲ್ ಮೇಲೇ ಇತ್ತು, ರೆಕಾರ್ಡ್ ಬಟನ್ ಒತ್ತಿ ಹೋಗಿರ್ಬೇಕು ಅಂತ. ಅದನ್ನ ಫೋಟೋಗ್ರಾಫರ್ ಮುಂದೆ ಮಾಡಿ ತೋರಿಸಿದ್ರು, ಒಂದು ಕಾಲು ಪೆಡಲ್ ಮೇಲೆ ಚಾಚಿ, ಎಡಗೈ ಅಷ್ಟು ದೂರದ ಫೋನಿಗೆ ಎಟುಕಿಸಿ. ಆ ಫೋಟೋ ನೋಡಿದ್ರೆ ಯಕ್ಷಗಾನದ ಪುಂಡುವೇಷದವರೂ ಕೈ ಮುಗೀತಾರೆ. ಅಷ್ಟಾಗಿಯೂ ಅವರು ಒಪ್ಕೊಂಡಿದ್ದು ಸುಮಾರು ಐದು ನಿಮಿಷಕ್ಕೆ, ಉಳಿದ ಹದಿಮೂರೂವರೆ ನಿಮಿಷ ಯಾರ ಕಾಲು ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. ನಿಕ್ಸನ್‌ಗೆ ಮಾತ್ರ ತಮ್ಮ ಪಾರ್ಟಿಯವರೇ ಬಂದು ಲೆಕ್ಕ ಹೇಳಿದ್ರು, ಸ್ವಾಮಿ ನಿಮ್ಮ ಕಡೆ ಓಟಿಲ್ಲ ಅಂತ, ಮಹಾಭಿಯೋಗ ಆಗೋ ಮೊದ್ಲೇ 1974ರ ಆಗಸ್ಟ್ 9ಕ್ಕೆ ರಾಜೀನಾಮೆ ಕೊಟ್ಟು ಹೋದ್ರು, ಒಂದು ತಿಂಗಳಿಗೆ ಹೊಸ ಅಧ್ಯಕ್ಷರು ಪೂರ್ತಿ ಕ್ಷಮೆ ಕೊಟ್ರು. ಕ್ಲಿಂಟನ್‌ಗೆ 1999ರಲ್ಲಿ ಅವರ ಪಾರ್ಟಿಯ ಒಬ್ಬ ಸೆನೆಟರೂ ದೋಷಿ ಅನ್ನಲಿಲ್ಲ. ತನ್ನದೇ ಪಾರ್ಟಿ ಅಧ್ಯಕ್ಷನ ವಿರುದ್ಧ ಸೆನೆಟರ್ ಒಬ್ಬ ಓಟ್ ಹಾಕೋಕೆ 2020ರ ತನಕ ಕಾಯ್ಬೇಕಾಯ್ತು, ರಾಮ್ನಿ ಅಂತ, ಆ ಸಲ ಅವರೊಬ್ಬರೇ. ಹಂಗಾಗಿ ಅಪರಾಧ ಆಗಿದ್ಯಾ ಇಲ್ವಾ ಅನ್ನೋದು ಅಲ್ಲಿ ಸಾಕ್ಷಿ ಮೇಲೆ ನಿಂತಿಲ್ಲ, ಯಾವ ಸಾಲಿನ ಕುರ್ಚಿಲಿ ಕೂತಿದೀರಿ ಅನ್ನೋದ್ರ ಮೇಲೆ ನಿಂತಿದೆ.

ಇಷ್ಟೊತ್ತಿಗೆ ಚಪ್ಪರದಲ್ಲಿ ಯಾರಾದ್ರೂ ನಮ್ಮ ದೇಶದಲ್ಲಿ ಹಿಂಗೆಲ್ಲ ಇಲ್ಲಪ್ಪ ಅಂತ ಎದೆ ಉಬ್ಬಿಸ್ತಾರೆ. ನಮ್ಮಲ್ಲಿ 61ನೇ ವಿಧಿ ಇದೆ, ರಾಷ್ಟ್ರಪತಿ ಸಂವಿಧಾನ ಉಲ್ಲಂಘನೆ ಮಾಡಿದ್ರೆ 14 ದಿನದ ನೋಟಿಸು, ಎರಡೂ ಮನೇಲಿ ಒಟ್ಟು ಸದಸ್ಯರ ಮೂರನೇ ಎರಡು ಬಹುಮತ, ಇವತ್ತಿನ ತನಕ ಯಾರೂ ಅದನ್ನ ಬಳಸಿಲ್ಲ. ಮಹಾಭಿಯೋಗ ಅಂತ ಲೋಕಸಭೆಯಲ್ಲಿ ನಿಜವಾಗಿ ಓಟಿಗೆ ಬಂದಿದ್ದು 1993ರಲ್ಲಿ, ಸುಪ್ರೀಂ ಕೋರ್ಟ್ ಜಡ್ಜ್ ವಿ. ರಾಮಸ್ವಾಮಿ ಅವರದ್ದು. ಇಳಿಸಬೇಕು ಅಂದವರು 196, ಬೇಡ ಅಂದವರು ಒಬ್ಬರೂ ಇಲ್ಲ, ಆದ್ರೂ ಇಳೀಲಿಲ್ಲ! ಕಾಂಗ್ರೆಸ್ಸಿನವರು, ಅವರ ಮಿತ್ರಪಕ್ಷದವರು ಸೇರಿ 205 ಜನ ಓಟ್ ಹಾಕದೇ ಸುಮ್ನೆ ಕೂತಿದ್ರು. ಯಾರೂ ವಿರೋಧ ಮಾಡದೇ ಬಿದ್ದುಹೋದ ನಿರ್ಣಯ. ಅಮೆರಿಕದವರು ಕಷ್ಟಪಟ್ಟು ನಿರ್ದೋಷಿ ಅಂತ ಕೂಗ್ಬೇಕು, ನಮ್ಮವರಿಗೆ ಆ ಶ್ರಮನೂ ಇಲ್ಲ. 2025ರ ಆಗಸ್ಟ್‌ನಲ್ಲಿ ಇನ್ನೊಂದು ಮಸೂದೆ ತಂದ್ರು, 130ನೇ ತಿದ್ದುಪಡಿ, ಮಂತ್ರಿ ಮುಖ್ಯಮಂತ್ರಿ ಪ್ರಧಾನಿ ಯಾರೇ ಆಗ್ಲಿ ಗಂಭೀರ ಕೇಸಲ್ಲಿ 30 ದಿನ ಒಳಗಿದ್ರೆ 31ನೇ ದಿನ ಕುರ್ಚಿ ಹೋತು. ಅಲ್ಲಿ 34 ಅಪರಾಧ ಸಾಬೀತಾದ್ರೂ ಕುರ್ಚಿ ಸಿಗುತ್ತೆ, ಇಲ್ಲಿ ಆ ಮಸೂದೆ ಪ್ರಕಾರ ಒಂದೂ ಸಾಬೀತಾಗದೇ ಕುರ್ಚಿ ಹೋಗುತ್ತೆ, ಎರಡನ್ನೂ ಪ್ರಜಾಪ್ರಭುತ್ವ ಅಂತಾರೆ.

ಮಾಡೋಕೆ ಬರಲ್ವಾ ಅಂದ್ರೆ ಬರುತ್ತೆ. ದಕ್ಷಿಣ ಕೊರಿಯಾದಲ್ಲಿ ಯೂನ್ ಸುಕ್ ಯೋಲ್ 2024ರ ಡಿಸೆಂಬರ್ 3ರ ರಾತ್ರಿ ಮಿಲಿಟರಿ ಕಾನೂನು ಹೇರಿದ್ರು, ಸಂಸದರು ಬೇಲಿ ಹಾರಿ ಒಳಗೆ ಹೋಗಿ ಬೆಳಗಾಗೋದ್ರೊಳಗೆ 190-0ರಲ್ಲಿ ಬೇಡ ಅಂದ್ರು, 14ಕ್ಕೆ ಮಹಾಭಿಯೋಗ, ಏಪ್ರಿಲ್ 4ಕ್ಕೆ ಎಂಟೂ ಜಡ್ಜುಗಳು ಒಂದೇ ಮಾತಲ್ಲಿ ಮನೆಗೆ ಕಳಿಸಿದ್ರು. ನಾಲ್ಕು ತಿಂಗಳು. ಅಲ್ಲೂ ಮೊದಲನೇ ಸಲ ಆಳೋ ಪಾರ್ಟಿಯವರು ಎದ್ದು ಹೊರಗೆ ಹೋಗಿ ಕೋರಂ ಕೆಡಿಸಿದ್ರು, ಆದ್ರೆ ವಾರದೊಳಗೆ ಒಂದಷ್ಟು ಜನಕ್ಕೆ ಬುದ್ಧಿ ಬಂತು.

ನನ್ನ ಪ್ರಕಾರ ಅಮೆರಿಕದವರಿಗೆ ಕಾನೂನು ಕಮ್ಮಿ ಇಲ್ಲ, ಟೆಕ್ನಿಕ್ ಗೊತ್ತಿಲ್ಲ. ಅವಿಶ್ವಾಸ ನಿರ್ಣಯ ಅಂದ್ರೆ ಹೆಂಗಿರ್ಬೇಕು ಅಂತ ಮಲೆನಾಡಿನ ಗ್ರಾಮ ಪಂಚಾಯ್ತಿ ಮೆಂಬರ್‌ಗಳನ್ನ ಕೇಳ್ಬೇಕು. ಇಲ್ಲೂ ಬೇಕಾಗಿರೋದು ಮೂರನೇ ಎರಡೇ, ಎಸಿ ಸಾಹೇಬ್ರು ಬಂದು ಸಭೆ ನಡೆಸ್ತಾರೆ. ಇಲ್ಲೇ ಹತ್ತಿರದ ಒಂದು ಪಂಚಾಯ್ತೀಲಿ ರಸ್ತೆ ಬದಿ ಜಂಗಲ್ ಕಡಿದ ಬಿಲ್ಲು ಎರಡು ಸಲ ಆಗಿದೆ ಅಂತ ಗಲಾಟೆ ಎದ್ದು ಹನ್ನೊಂದು ಮೆಂಬರಲ್ಲಿ ಎಂಟು ಜನನ ಟೆಂಪೋ ಟ್ರಾವೆಲರ್ ಹತ್ತಿಸಿ ಗೋಕರ್ಣ ಮುರ್ಡೇಶ್ವರ ಅಂತ ಕರ್ಕೊಂಡು ಹೋಗಿ, ಫೋನ್ ಎಲ್ಲ ಒಂದು ಚೀಲಕ್ಕೆ ಹಾಕಿಸಿ, ದೇವರ ಮುಂದೆ ಆಣೆ ಮಾಡಿಸಿ, ಸಭೆ ದಿನ ಬೆಳಿಗ್ಗೆ ನೇರ ಪಂಚಾಯ್ತಿ ಬಾಗಿಲಿಗೇ ತಂದು ಇಳಿಸಿದ್ರು. ಎಂಟು ಬೇಕಿತ್ತು, ಏಳು ಕೈ ಎದ್ವು. ಎಂಟನೆಯವರು ಗಾಡಿ ಇಳಿದು ಬಾತ್‌ರೂಮಿಗೆ ಹೋದವರು ಎಸಿ ಜೀಪು ವಾಪಸ್ ಹೋಗೋ ತನಕ ಹೊರಗೆ ಬರ್ಲಿಲ್ಲ. ಕೇಳಿದ್ರೆ, ಇಳಿಸಬೇಕು ಅನ್ನೋದು ನನ್ನದೂ ಅಭಿಪ್ರಾಯನೇ, ಆದ್ರೆ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಅವರು ನೋಡ್ಲಿ ಅಂದ್ರಂತೆ. ಸೀದಾ ಸೆನೆಟ್ಟಿಗೆ ಕಳಿಸ್ಬಹುದು ಆಸಾಮಿನ.

ಆ ಬಾತ್‌ರೂಮ್ ಒಂದು ಸರಿಮಾಡ್ಕೊಂಡ್ರೆ ನಮ್ಮ ವಿಧಾನ ಪಕ್ಕಾ. ಮೊನ್ನೆ ಚಪ್ಪರದಲ್ಲೇ ಲೆಕ್ಕ ಹಾಕಿದ್ವಿ, 67 ಸೆನೆಟರ್ ಅಂದ್ರೆ 12 ಸೀಟಿನ ಟಿಟಿ 6 ಗಾಡಿ ಬೇಕು. ಆಗುಂಬೆ ಕಡೆ ಹೋಂಸ್ಟೇ ನೋಡಿಟ್ಟಿದೀವಿ, ಮಳೆಗಾಲ ಆದ್ರೆ ಇನ್ನೂ ಒಳ್ಳೇದು, ನೆಟ್‌ವರ್ಕೂ ಇರಲ್ಲ ಕರೆಂಟೂ ಇರಲ್ಲ, ಟ್ವೀಟ್ ನೋಡಿ ಮನಸ್ಸು ಬದಲಾಯಿಸೋ ಭಯ ಇಲ್ಲ. ಬೆಳಿಗ್ಗೆ ಕೊಟ್ಟೆ ಕಡುಬು, ಮಧ್ಯಾಹ್ನ ಕಳಲೆ ಪಲ್ಯ, ಸಂಜೆ ಆಣೆ ಪ್ರಮಾಣ. ಉಂಬಳ ಕಚ್ಚಿದ್ರೆ ಸುಣ್ಣ ಹಚ್ಚೋ ಜವಾಬ್ದಾರಿ ನಮ್ಮದು. ಅಡ್ವಾನ್ಸ್ ಮಾತ್ರ ಮೊದ್ಲೇ ಬರ್ಬೇಕು, ಡೀಸೆಲ್‌ಗೆ ಬೇರೆ, ಪಾರ್ಟಿ ಫಂಡಿಂದ ಕೊಡ್ತೀವಿ ಆಮೇಲೆ ಅನ್ನೋ ಮಾತು ನಡೆಯಲ್ಲ, ಗೋಕರ್ಣದ ಟ್ರಿಪ್ಪಿನ ಬಾಕಿಯೇ ಡ್ರೈವರಿಗೆ ಇನ್ನೂ ಬಂದಿಲ್ಲ.