ಆರ್‌ವಿ, ಅತ್ತೆ ಮತ್ತು ರಾಹುಕಾಲ

ಅಮೆರಿಕದ ಅರಿಜೋನ ರಾಜ್ಯದ ಫೀನಿಕ್ಸಿನಲ್ಲಿ ಬೇಸಿಗೆ ಮುಗಿಯಿತು ಎಂದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ. 2024ರಲ್ಲಿ ಇಲ್ಲಿ ಸತತ 113 ದಿನ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ನಮ್ಮೂರಿನ ಲೆಕ್ಕಕ್ಕೆ ದಿನಾ 38 ಡಿಗ್ರಿ. ಹಾಗಾಗಿ ಅಕ್ಟೋಬರ್ ಕೊನೆಗೆ ಸಂಜೆ ಬಾಗಿಲು ತೆಗೆದಾಗ ಮುಖಕ್ಕೆ ಝಳ ಹೊಡೆಯಲಿಲ್ಲವೆಂದರೆ ಊರಿಗೆ ಊರಿಗೇ ಒಂದು ಥರದ ಹುಚ್ಚು ಹಿಡಿಯುತ್ತದೆ. ಕೆಲವರು ರಸ್ತೆಯಲ್ಲಿ ಓಡಲು ಶುರುಮಾಡುತ್ತಾರೆ, ಕೆಲವರು ಮನೆಗೆ ಬಣ್ಣ ಹೊಡೆಸುತ್ತಾರೆ. ನಮ್ಮ ಯಜಮಾನರಿಗೆ ಈ ಸಲ ಹಿಡಿದದ್ದು ಆರ್‌ವಿ.

ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲವನ್ನೂ ಹೊತ್ತು ಓಡುವ ಗಾಡಿ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಪುಣ್ಯ. ಅದನ್ನು ಬಾಡಿಗೆಗೆ ತಂದು ಫ್ಲಾಗ್‌ಸ್ಟಾಫ್, ಗ್ರ್ಯಾಂಡ್ ಕ್ಯಾನ್ಯನ್, ಪೇಜ್, ಮಾನ್ಯುಮೆಂಟ್ ವ್ಯಾಲಿ, ನಾಲ್ಕು ರಾಜ್ಯಗಳು ಒಂದೇ ಬಿಂದುವಿನಲ್ಲಿ ಕೂಡುವ ಫೋರ್ ಕಾರ್ನರ್ಸ್, ಕೊನೆಗೆ ಪೆಟ್ರಿಫೈಡ್ ಫಾರೆಸ್ಟ್ ನೋಡಿಕೊಂಡು ಮನೆ ಸೇರುವುದು ಅಂತ ತೀರ್ಮಾನ. ತೀರ್ಮಾನ ಅವರದ್ದು. ಮುಹೂರ್ತ ಮಾತ್ರ ಅತ್ತೆಯವರದ್ದು.

ಗ್ರ್ಯಾಂಡ್ ಕ್ಯಾನ್ಯನ್ನಿನ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಿ ಜಾಗ ಬೇಕೆಂದರೆ ಆರು ತಿಂಗಳು ಮೊದಲೇ ಬುಕ್ ಮಾಡಬೇಕು. ಅಂದರೆ ಶರದೃತುವಿನ ಪ್ರವಾಸಕ್ಕೆ ವಸಂತದಲ್ಲೇ ಕೈ ಹಾಕಬೇಕು. ಅತ್ತೆ ಆಗಿನ್ನೂ ಮೈಸೂರಿನಲ್ಲಿದ್ದರು. ಯುಗಾದಿಗೆ ಬಂದ ಹೊಸ ಪಂಚಾಂಗವನ್ನು ವಾಟ್ಸಾಪ್ ಕ್ಯಾಮೆರಾದ ಮುಂದೆ ಹಿಡಿದು, "ಮಗು, ಈ ವರ್ಷ ಅಧಿಕ ಜ್ಯೇಷ್ಠ ಬಂದು ಹಬ್ಬ ಎಲ್ಲಾ ಮುಂದಕ್ಕೆ ಹೋಗಿದೆ. ಪಿತೃಪಕ್ಷದಲ್ಲಿ ಹೊರಡೋ ಹಾಗಿಲ್ಲ. ನವರಾತ್ರೀಲಿ ಗೊಂಬೆ ಬಿಟ್ಟು ಹೋಗೋ ಹಾಗಿಲ್ಲ. ದೀಪಾವಳಿಗೆ ಮನೇಲಿ ಎಣ್ಣೆ ನೀರು ಆಗಲೇಬೇಕು. ವಿಜಯದಶಮಿ ಆದ್ಮೇಲೆ, ನರಕ ಚತುರ್ದಶಿಗೆ ಮುಂಚೆ. ಅಷ್ಟೇ" ಎಂದರು. ವರ್ಷಕ್ಕೆ ಇರುವ ಇಷ್ಟೆಲ್ಲ ದಿನಗಳಲ್ಲಿ ನಮ್ಮ ಪಾಲಿಗೆ ಉಳಿದದ್ದು ಅಷ್ಟು ಸಂದು. ಅದರಲ್ಲೇ ಇವರ ಆಫೀಸಿನ ರಜೆ, ಮಗನ ಪರೀಕ್ಷೆ, ಆರ್‌ವಿ ಬಾಡಿಗೆಯವರ ಖಾಲಿ ಗಾಡಿ, ಮೇದರಿನ ಖಾಲಿ ಜಾಗ ಎಲ್ಲ ಕೂಡಿ ಬರಬೇಕು. ಜಾತಕ ಕೂಡಿಸುವಾಗ ಕೂಡ ಇಷ್ಟು ಗುಣ ನೋಡುವುದಿಲ್ಲ.

ಮೇದರಿನಲ್ಲಿ ಮೂವತ್ತು ಅಡಿಗಿಂತ ಉದ್ದದ ಗಾಡಿಗೆ ಜಾಗವಿಲ್ಲ. ಇವರು ಕಣ್ಣಿಟ್ಟಿದ್ದ ಮೂವತ್ತೆರಡು ಅಡಿಯದು ಅಲ್ಲಿಗೇ ಬಿತ್ತು. ಇಪ್ಪತ್ತೆಂಟು ಅಡಿಯದಕ್ಕೆ ಇಳಿದರು. ಇಳಿದದ್ದಕ್ಕೆ ಒಂದು ವಾರ ಮುಖ ಸಣ್ಣ ಮಾಡಿಕೊಂಡಿದ್ದರು. ಓಡಿಸುವವರು ಅವರೇ ಆದ್ದರಿಂದ ನನಗೆ ಮಾತ್ರ ಆ ನಾಲ್ಕು ಅಡಿ ಹೋದದ್ದು ದೇವರ ದಯೆ ಅನಿಸಿತು.

ಅತ್ತೆ ಸೆಪ್ಟೆಂಬರಿನಲ್ಲಿ ಬಂದಿಳಿದರು. ಬಂದ ಮೇಲೆ ಗಾಡಿಯ ನಕ್ಷೆ ನೋಡಿದರು. ಚಾಲಕನ ತಲೆಯ ಮೇಲೊಂದು ಅಟ್ಟ, ಅಲ್ಲಿ ಮಗ ಮಲಗುತ್ತಾನೆ. ಊಟದ ಮೇಜು ಮಡಚಿದರೆ ನಮ್ಮ ಹಾಸಿಗೆ. ಹಿಂದುಗಡೆ ಸರಿಯಾದ ಮಂಚ, ಅದು ಅತ್ತೆಯವರಿಗೆ. ಅವರಿಗೆ ಮಂಡಿನೋವು, ರಾತ್ರಿ ಎರಡು ಸಲ ಏಳಬೇಕು, ಟೆಂಟಿನಿಂದ ಹೊರಗೆ ಹೋಗಿ ಕತ್ತಲಲ್ಲಿ ನಡೆಯಲಾಗುವುದಿಲ್ಲ. ಇಷ್ಟೆಲ್ಲ ದುಡ್ಡು ಸುರಿದು ಆರ್‌ವಿ ಹಿಡಿದದ್ದೇ ಮಂಚದ ಪಕ್ಕದಲ್ಲಿರುವ ಆ ಕಕ್ಕಸಿಗಾಗಿ ಅಂತ ಇವರು ಅಮ್ಮನಿಗೆ ಅಕ್ಕರೆಯಿಂದ ವಿವರಿಸಿದರು. ಅಮ್ಮ ಕನ್ನಡಕ ಏರಿಸಿಕೊಂಡು ಕೇಳಿದ ಪ್ರಶ್ನೆ ಒಂದೇ: "ತಲೆ ಯಾವ ದಿಕ್ಕಿಗೆ ಬರುತ್ತೆ?"

ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅನ್ನುವುದು ನಮ್ಮನೆಯಲ್ಲಿ ಸಂವಿಧಾನ. ಮನೆಯಾದರೆ ಕಟ್ಟಿದ ಜಾಗದಲ್ಲಿ ಇರುತ್ತದೆ, ಒಂದು ಸಲ ಮಂಚ ತಿರುಗಿಸಿದರೆ ಮುಗಿಯಿತು. ಇದು ದಿನಕ್ಕೊಂದು ದಿಕ್ಕಿಗೆ ನಿಲ್ಲುವ ಮನೆ. "ದಿಂಬು ಆ ಕಡೆಗೆ ಹಾಕ್ಕೊಂಡ್ರಾಯ್ತು ಅಮ್ಮ" ಎಂದರು ಇವರು. ಆ ಕಡೆ ಏನಿದೆ ಎಂದು ನಕ್ಷೆ ನೋಡಿದರೆ, ಮಂಚದ ಕಾಲ್ದೆಸೆಗೆ ಸರಿಯಾಗಿ ಕಕ್ಕಸಿನ ಬಾಗಿಲು. ಉತ್ತರಕ್ಕೆ ತಲೆ ಹಾಕುವುದೋ, ಕಕ್ಕಸಿನ ಬಾಗಿಲಿಗೆ ತಲೆ ಹಾಕುವುದೋ? ಅತ್ತೆ ಎರಡಕ್ಕೂ ಒಪ್ಪಲಿಲ್ಲ. ಬುಕಿಂಗ್ ಪುಟದಲ್ಲಿ ಪ್ರತಿ ಸೈಟಿನ ಉದ್ದ, ನೆರಳು, ಬೆಂಕಿ ಹಾಕುವ ಜಾಗ ಎಲ್ಲ ಕೊಟ್ಟಿರುತ್ತಾರೆ, ದಿಕ್ಕು ಕೊಟ್ಟಿರುವುದಿಲ್ಲ. ಕೊನೆಗೆ ಮಗ ಉಪಗ್ರಹದ ನಕ್ಷೆ ತೆಗೆದು, ನಮಗೆ ಸಿಕ್ಕ ಒಂದೊಂದು ಸೈಟಿನ ಮೇಲೂ ಗಾಡಿಯಷ್ಟೇ ಚೌಕ ಬರೆದು, ಬಾಣ ಹಾಕಿ, "ಅಜ್ಜಿ ತಲೆ" ಅಂತ ಕೆಂಪಕ್ಷರದಲ್ಲಿ ಗುರುತು ಮಾಡಿದ. ಅವನ ಶಾಲೆಯ ಯಾವ ಪ್ರಾಜೆಕ್ಟನ್ನೂ ಇಷ್ಟು ಶ್ರದ್ಧೆಯಿಂದ ಮಾಡಿದ್ದು ನಾನು ಕಂಡಿಲ್ಲ. ಒಂದೆರಡು ಸೈಟಿನಲ್ಲಿ ಗಾಡಿಯನ್ನು ಹಿಂದುಮುಂದಾಗಿ ನಿಲ್ಲಿಸಿದರೆ ಸಾಕು ಎಂದು ಗೊತ್ತಾಯಿತು. ಉದ್ದದ ಗಾಡಿಯನ್ನು ರಿವರ್ಸ್ ತೆಗೆಯುವ ವಿಡಿಯೋಗಳನ್ನು ಇವರು ಈಗ ಊಟದ ಹೊತ್ತಿನಲ್ಲೂ ನೋಡುತ್ತಿದ್ದಾರೆ.

ರಿಹರ್ಸಲ್ ಆಗಲೇಬೇಕು ಅನ್ನುವುದು ಇವರ ಇನ್ನೊಂದು ಹಟ. ಮನೆ ಮುಂದಿನ ಡ್ರೈವ್‌ವೇಯಲ್ಲಿ ಸೀಮೆಸುಣ್ಣದಿಂದ ಗಾಡಿಯನ್ನು ಅಳತೆಗೆ ಸರಿಯಾಗಿ ಬರೆದರು. ಒಲೆ ಇಲ್ಲಿ, ಸಿಂಕ್ ಇಲ್ಲಿ, ಫ್ರಿಜ್ ಇಲ್ಲಿ. ಸಂಜೆ ನಾವು ನಾಲ್ಕೂ ಜನ ಆ ಗೆರೆಯೊಳಗೆ ಸಂಸಾರ ಮಾಡಿ ತೋರಿಸಬೇಕು. ನಾನು ಇಲ್ಲದ ಒಲೆಯ ಮುಂದೆ ನಿಂತರೆ ಯಾರೂ ಹಿಂದೆ ದಾಟುವ ಹಾಗಿಲ್ಲ. ಮಗ ಇಲ್ಲದ ಫ್ರಿಜ್ಜಿನ ಬಾಗಿಲು ತೆಗೆದರೆ ಅದು ನನ್ನ ಸೊಂಟಕ್ಕೆ ಬಡಿಯುತ್ತದೆ. ಅತ್ತೆ ಮಡಿ ಸೆರಗು ಹಿಡಿದುಕೊಂಡು ಒಲೆಗೂ ಕಕ್ಕಸಿಗೂ ನಡುವಿನ ಗೆರೆಯನ್ನೇ ದಿಟ್ಟಿಸುತ್ತಿದ್ದರು. "ಇಲ್ಲಿ ಗೋಡೆ ಇರುತ್ತೆ ಅಮ್ಮ" ಎಂದರು ಇವರು. "ಎಷ್ಟು ದಪ್ಪ?" ಇವರು ಹೆಬ್ಬೆರಳು ತೋರುಬೆರಳು ಹತ್ತಿರ ಹಿಡಿದು ತೋರಿಸಿದರು. ಅತ್ತೆ ಏನೂ ಹೇಳದೆ ಕಕ್ಕಸಿನ ಗೆರೆಯನ್ನು ಸುತ್ತಿ ಬಳಸಿ, ಬಾಗಿಲಿಲ್ಲದ ಕಡೆಯಿಂದ ಗಾಡಿಯ ಹೊರಗೆ ನಡೆದರು. "ಅಜ್ಜಿ ಗೋಡೆ ಒಡ್ಕೊಂಡು ಹೋದ್ರು" ಎಂದ ಮಗ. ಮೂರನೇ ದಿನ ಬಡಾವಣೆಯ ಸಂಘದಿಂದ ಪತ್ರ ಬಂತು. ಡ್ರೈವ್‌ವೇಯಲ್ಲಿ ಆರ್‌ವಿ ನಿಲ್ಲಿಸುವಂತಿಲ್ಲ ಅನ್ನುವ ನಿಯಮದ ಪ್ರತಿ. ನಿಲ್ಲಿಸಿದ್ದು ಚಿತ್ರ ಅಂತ ಇವರು ಎರಡು ಪುಟದ ಉತ್ತರ ಬರೆದರು.

ಆಮೇಲೆ ಗಡಿಯಾರದ ಸಮಸ್ಯೆ. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಅರಿಜೋನ ರಾಜ್ಯವಂತೂ ಈ ತಂಟೆಗೇ ಹೋಗುವುದಿಲ್ಲ, ಇಲ್ಲಿಯ ಬಿಸಿಲಿಗೆ ಸಂಜೆ ಇನ್ನೂ ಉದ್ದವಾಗುವುದು ಯಾರಿಗೆ ಬೇಕು? ಆದರೆ ಅರಿಜೋನದೊಳಗಿನ ನವಾಹೋ ಮೂಲನಿವಾಸಿಗಳ ಸೀಮೆಯವರು ಗಡಿಯಾರ ಬದಲಿಸುತ್ತಾರೆ. ಆ ನವಾಹೋ ಸೀಮೆಯ ನಡುವೆ ಇರುವ ಹೋಪಿ ಎಂಬ ಇನ್ನೊಂದು ಬುಡಕಟ್ಟಿನವರು ಬದಲಿಸುವುದಿಲ್ಲ. ಟ್ಯೂಬಾ ಸಿಟಿ ನವಾಹೋಗಳದ್ದು, ಹೆದ್ದಾರಿಯ ಆಚೆ ಬದಿಯ ಮೊಯೆನ್‌ಕೋಪಿ ಹೋಪಿಗಳದ್ದು. ರಸ್ತೆ ದಾಟಿದರೆ ಒಂದು ಗಂಟೆ ಸಿಗುತ್ತದೆ, ವಾಪಸು ದಾಟಿದರೆ ಹೋಗುತ್ತದೆ. ಇದೂ ಸಾಲದು ಎಂದು ಪೇಜ್ ಊರಿನ ಪಕ್ಕದ ಆಂಟೆಲೋಪ್ ಕ್ಯಾನ್ಯನ್ ಇರುವುದು ನವಾಹೋ ನೆಲದಲ್ಲಿ, ಒಳಗೆ ಕರೆದೊಯ್ಯುವ ಗೈಡುಗಳು ನವಾಹೋಗಳು, ಟೂರಿನ ಟೈಮು ಮಾತ್ರ ಅರಿಜೋನದ್ದು. ಅಲ್ಲಿಂದ ಮಾನ್ಯುಮೆಂಟ್ ವ್ಯಾಲಿಗೆ ಹೋದರೆ ಮತ್ತೆ ನವಾಹೋ ಟೈಮು. ಫೋನನ್ನು ನಂಬಿದರೆ ಅದು ಯಾವ ಟವರು ಸಿಕ್ಕಿತೋ ಆ ಟೈಮು ತೋರಿಸುತ್ತದೆ.

ಇವರು ಎಕ್ಸೆಲ್‌ನಲ್ಲಿ ಮೂರು ಗಡಿಯಾರಗಳಿಗೆ ಮೂರು ಕಾಲಂ ಹಾಕಿ ತಲೆ ಹಿಡಿದು ಕೂತಿದ್ದರು. ಶುಕ್ರವಾರ ಮಾನ್ಯುಮೆಂಟ್ ವ್ಯಾಲಿಯಿಂದ ಹೊರಡುವುದು ರಾಹುಕಾಲಕ್ಕೆ ಮೊದಲೋ ಆಮೇಲೋ ಅಂತ ನಾನು ಮೆಲ್ಲಗೆ ಕೇಳಿದೆ. ಇವರ ಮುಖ ನೋಡಬೇಕಿತ್ತು. ಹತ್ತೂವರೆಗೆ ರಾಹುಕಾಲ ಸರಿ, ಯಾರ ಹತ್ತೂವರೆಗೆ?

ಅತ್ತೆ ಹೂಬತ್ತಿ ಹೊಸೆಯುತ್ತಾ ಅಲ್ಲಿಂದಲೇ ಹೇಳಿದರು: "ಗಡಿಯಾರ ಯಾಕೋ ನೋಡ್ತೀಯ? ಸೂರ್ಯ ಹುಟ್ಟಿದಾಗಿನಿಂದ ಮುಳುಗೋವರೆಗೆ ಎಂಟು ಪಾಲು ಮಾಡು. ಶುಕ್ರವಾರ ನಾಲ್ಕನೇ ಪಾಲು. ಸೂರ್ಯಂಗೆ ನಿಮ್ಮ ನವಾಹೋ ಟೈಮು ಗೊತ್ತಾ?" ಇವರು ಮೂರೂ ಕಾಲಂ ಅಳಿಸಿದರು. ಈಗ ನಮ್ಮ ಪ್ರವಾಸದ ವೇಳಾಪಟ್ಟಿ ಪೂರ್ತಿ "ಸೂರ್ಯೋದಯವಾಗಿ ಇಷ್ಟು ಗಂಟೆಗೆ" ಅಂತಿದೆ. ಬಾಡಿಗೆಯವರಿಗೂ ಹಾಗೇ ಇಮೇಲ್ ಹೋಗಿದೆಯೇನೋ ಎಂದು ನನಗೆ ಅನುಮಾನ.

ಪೆಟ್ರಿಫೈಡ್ ಫಾರೆಸ್ಟ್ ವಿಷಯದಲ್ಲಿ ಮಾತ್ರ ಅತ್ತೆಗೂ ಅಮೆರಿಕ ಸರ್ಕಾರಕ್ಕೂ ಪೂರ್ಣ ಹೊಂದಾಣಿಕೆ. ಇಪ್ಪತ್ತು ಕೋಟಿ ವರ್ಷಕ್ಕೂ ಹಳೆಯ ಮರಗಳು ಅಲ್ಲಿ ಕಲ್ಲಾಗಿ ಬಿದ್ದಿವೆ, ಒಂದು ಚೂರನ್ನೂ ಎತ್ತಿಕೊಳ್ಳುವಂತಿಲ್ಲ. ಎತ್ತಿಕೊಂಡು ಹೋದವರು, ಆಮೇಲೆ ಮನೆಯಲ್ಲಿ ಒಂದರ ಹಿಂದೊಂದು ಕೇಡಾಯಿತು ಎಂದು ಹೆದರಿ, ಕ್ಷಮಾಪಣೆ ಪತ್ರದ ಜೊತೆ ಕಲ್ಲನ್ನು ಅಂಚೆಯಲ್ಲಿ ವಾಪಸು ಕಳಿಸುವುದು ದಶಕಗಳಿಂದ ನಡೆದು ಬಂದಿದೆ. ಇದನ್ನು ಓದಿ ಹೇಳಿದಾಗ ಅತ್ತೆಯವರ ಮುಖದಲ್ಲಿ ಈ ದೇಶದ ಬಗ್ಗೆ ಮೊದಲ ಸಲ ಗೌರವ ಕಂಡಿತು. "ದೋಷ ಅನ್ನೋದು ಇವರಿಗೂ ತಗಲುತ್ತೆ ಅಂತಾಯ್ತು."

ಗಾಡಿಗೆ ಪೂಜೆಯ ವಿಷಯವೂ ಇತ್ಯರ್ಥವಾಗಿದೆ. ಆಯುಧಪೂಜೆಯ ದಿನ ಗಾಡಿ ನಮ್ಮ ಕೈಯಲ್ಲಿರುವುದಿಲ್ಲ, ಅದಕ್ಕೇ ತೆಗೆದುಕೊಳ್ಳುವ ದಿನ ಅಂಗಳದಲ್ಲೇ ನಿಂಬೆಹಣ್ಣು. ಹಿಂದಿನ ಚಕ್ರಗಳು ಜೋಡಿ, ಒಟ್ಟು ಆರು, ಆರು ಹಣ್ಣು ತೆಗೆದಿಟ್ಟಿದ್ದೇವೆ. ಕುಂಕುಮ ಮಾತ್ರ ಬಾನೆಟ್ಟಿಗೆ ಬೇಡ, ಬಾಡಿಗೆಯವರು ಗೀಚು ಅಂತ ಬರೆದುಕೊಂಡಾರು, ಸ್ಟಿಯರಿಂಗಿಗೆ ಇಡೋಣ ಎಂದು ರಾಜಿಯಾಯಿತು.

ಉಳಿದದ್ದು ಟ್ಯಾಂಕು. ಕಕ್ಕಸಿನ ನೀರೆಲ್ಲ ಗಾಡಿಯ ಹೊಟ್ಟೆಯಲ್ಲಿರುವ ಬ್ಲಾಕ್ ಟ್ಯಾಂಕಿಗೆ ಹೋಗುತ್ತದೆ, ಅದು ತುಂಬಿದಾಗ ಡಂಪ್ ಸ್ಟೇಷನ್ನಿಗೆ ಹೋಗಿ ದಪ್ಪ ಪೈಪು ಸಿಕ್ಕಿಸಿ ಖಾಲಿ ಮಾಡಬೇಕು. ಯಾರು? ಎಕ್ಸೆಲ್‌ನ ಆ ಮನೆ ವಸಂತದಿಂದ ಖಾಲಿ ಇದೆ. ಮಗ ತನಗೆ ಹೋಮ್‌ವರ್ಕ್ ಇರುತ್ತದೆ ಎಂದ. ನಾನು ಅಡುಗೆ ಮಾಡುವ ಕೈ ಎಂದೆ, ಅತ್ತೆ ಅದಕ್ಕೆ ತಲೆಯಾಡಿಸಿದರು. ಇವರು ಬಹಳ ಯೋಚಿಸಿ ಒಂದು ಪರಿಹಾರ ತಂದರು: "ಯಾರೂ ಒಳಗಿಂದು ಉಪಯೋಗಿಸೋದೇ ಬೇಡ. ಕ್ಯಾಂಪ್‌ಗ್ರೌಂಡಲ್ಲಿ ಒಳ್ಳೆ ಬಾತ್‌ರೂಮ್ ಇರುತ್ತೆ."

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಹಾಗಾದ್ರೆ ಕಾರಲ್ಲೇ ಹೋಗಬಹುದಿತ್ತಲ್ಲೋ?"

ಇವರು ಉತ್ತರ ಕೊಡಲಿಲ್ಲ. ಲ್ಯಾಪ್‌ಟಾಪ್ ತೆಗೆದು ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸ್ ಒಂದು ಜೊತೆ ಆರ್ಡರ್ ಮಾಡಿದರು. ನಿನ್ನೆ ಬಂತು, ಎಕ್ಸ್‌ಟ್ರಾ ಲಾರ್ಜ್. ಮಗ ಹಾಕಿ ನೋಡಿ, ತನಗೆ ಸಡಿಲ ಎಂದು ಖುಷಿಯಿಂದ ವಾಪಸು ಕೊಟ್ಟ. ನನಗಂತೂ ಮೊದಲೇ ಸಡಿಲ.